ಹಾಲಿನ ಕಾವಲು

ತಿಂಗಳು ತುಂಬುವ ಮುನ್ನವೇ ಭೂಮಿಗೆ ಬಂದ ಕೂಸನ್ನು ಕಂಡವರು ಆ ನೋಟವನ್ನು ಸುಲಭವಾಗಿ ಮರೆಯಲಾರರು. ಒಂದು ಸೇರು ಅಕ್ಕಿಯಷ್ಟೂ ತೂಗದ ಮೈ. ಒಳಗಿನ ರಕ್ತನಾಳಗಳ ನೀಲಿ ಹೊರಗೆ ಕಾಣುವಷ್ಟು ತೆಳುವಾದ ಚರ್ಮ. ಅಳುವುದಕ್ಕೂ ಬಲ ಸಾಲದ ಕೊರಳು. ಪಾರದರ್ಶಕವಾದ ಪೆಟ್ಟಿಗೆಯ ಬೆಚ್ಚನೆಯಲ್ಲಿ ಅದು ಮಲಗಿರುತ್ತದೆ. ಹೊರಗೆ ತಾಯಿ ನಿಂತಿರುತ್ತಾಳೆ. ಹೆತ್ತ ಮಗುವನ್ನು ಎತ್ತಿಕೊಳ್ಳಲಾರದ ಆ ನಿಲುವಿನ ಸಂಕಟವನ್ನು ವರ್ಣಿಸುವುದು ಈ ಲೇಖನದ ಉದ್ದೇಶವಲ್ಲ. ಆ ತಾಯಿಯ ಎದೆಹಾಲನ್ನು ವಿಜ್ಞಾನಿಗಳು ಬಿಡಿಸಿ ನೋಡಿದಾಗ ಅದರೊಳಗೆ ಕಂಡ ಒಂದು ವಸ್ತುವಿನ ಕಥೆಯನ್ನೂ, ಆ ವಸ್ತುವಿನ ಮೇಲೆ ಕಟ್ಟಿದ ಆಸೆಯನ್ನೂ, ಆ ಆಸೆಯನ್ನು ತೂಗಿ ನೋಡಿದ ತಕ್ಕಡಿಯನ್ನೂ ಕುರಿತು ಕೆಲವು ಮಾತು ಹೇಳುವುದಷ್ಟೇ ಉದ್ದೇಶ.

ಗರ್ಭದಲ್ಲಿ 37 ವಾರಗಳನ್ನು ಪೂರೈಸದೆ ಹುಟ್ಟಿದ ಮಗುವನ್ನು ವೈದ್ಯರು ಅವಧಿಪೂರ್ವ ಶಿಶು ಎನ್ನುತ್ತಾರೆ. 2020ನೆಯ ಇಸವಿಯೊಂದರಲ್ಲೇ ಜಗತ್ತಿನಲ್ಲಿ ಇಂಥ ಶಿಶುಗಳು ಸುಮಾರು 1 ಕೋಟಿ 34 ಲಕ್ಷ ಹುಟ್ಟಿದುವೆಂದು ಅಂದಾಜು. ಅವುಗಳಲ್ಲಿ ಸುಮಾರು 30 ಲಕ್ಷ ನಮ್ಮ ಭಾರತದವು. ಬೇರಾವ ದೇಶದಲ್ಲೂ ಇಷ್ಟು ಸಂಖ್ಯೆಯಿಲ್ಲ. ಇವುಗಳಲ್ಲಿ ಬಹುಪಾಲು ಮಕ್ಕಳು ಕೆಲವೇ ವಾರ ಮುಂಚಿತವಾಗಿ ಬಂದವರು. ಸ್ವಲ್ಪ ಎಚ್ಚರದಿಂದ ನೋಡಿಕೊಂಡರೆ ಬೆಳೆದು ದೊಡ್ಡವರಾಗುವರು. ಆದರೆ 32 ವಾರವೂ ತುಂಬದೆ, ಒಂದೂವರೆ ಕಿಲೋಗ್ರಾಮೂ ತೂಗದೆ ಬಂದವರ ಪಾಡು ಬೇರೆ. ಉಸಿರಾಟದ ತೊಡಕನ್ನು ಯಂತ್ರಗಳ ನೆರವಿನಿಂದ ದಾಟಿದ ಮೇಲೂ ಅವರನ್ನು ಎರಡು ಶತ್ರುಗಳು ಕಾದಿರುತ್ತವೆ.

ಮೊದಲನೆಯದು ನಂಜು. ತಾಯಿಯ ರಕ್ತದಲ್ಲಿರುವ ರೋಗನಿರೋಧಕ ವಸ್ತುಗಳು ಮಾಸಿನ ಮೂಲಕ ಮಗುವಿಗೆ ಹರಿದು ಬರುವುದು ಹೆಚ್ಚಾಗಿ ಗರ್ಭದ ಕೊನೆಯ ಮೂರು ತಿಂಗಳಲ್ಲಿ. ಮುಂಚೆ ಬಂದ ಮಗುವಿಗೆ ಆ ಬಳುವಳಿ ಪೂರ್ತಿಯಾಗಿ ಸಿಕ್ಕಿರುವುದಿಲ್ಲ. ಚರ್ಮ ತೆಳು, ನಾಳಗಳಲ್ಲಿ ಸೂಜಿ, ಮೂಗಿನಲ್ಲಿ ಕೊಳವೆ. ಸೂಕ್ಷ್ಮಜೀವಿಗಳಿಗೆ ಹೊಗುವ ಬಾಗಿಲು ಒಂದಲ್ಲ, ಹತ್ತು. ಎರಡನೆಯದು ಕರುಳಿನ ರೋಗ. ನೆಕ್ರೊಟೈಸಿಂಗ್ ಎಂಟೆರೊಕೊಲೈಟಿಸ್ ಎಂಬ ಉದ್ದ ಹೆಸರಿನ ಈ ವ್ಯಾಧಿಯಲ್ಲಿ ಎಳೆಯ ಕರುಳಿನ ಗೋಡೆ ಉರಿತು, ಸತ್ತು, ಕೆಲವೊಮ್ಮೆ ತೂತು ಬೀಳುತ್ತದೆ. ನಿನ್ನೆ ಹಾಲು ಕುಡಿದು ತೂಕ ಏರುತ್ತಿದ್ದ ಮಗುವಿನ ಹೊಟ್ಟೆ ಇಂದು ಬೆಳಗ್ಗೆ ಉಬ್ಬಿ ಬಿಗಿದಿರುತ್ತದೆ; ಸಂಜೆಯ ಹೊತ್ತಿಗೆ ಶಸ್ತ್ರವೈದ್ಯನನ್ನು ಕರೆಸಬೇಕಾಗಬಹುದು. ಒಂದೂವರೆ ಕಿಲೋಗ್ರಾಮಿಗಿಂತ ಹಗುರವಾದ ನೂರು ಶಿಶುಗಳಲ್ಲಿ ಐದರಿಂದ ಹತ್ತಕ್ಕೆ ಇದು ತಗಲುತ್ತದೆ. ತಗಲಿದವುಗಳಲ್ಲಿ ನಾಲ್ಕರಲ್ಲೊಂದು ಉಳಿಯುವುದಿಲ್ಲವೆನ್ನಬಹುದು.

ಈ ಎರಡು ಶತ್ರುಗಳಿಗೂ ತಾಯಿಯ ಹಾಲು ತಡೆಯೊಡ್ಡುತ್ತದೆಂಬುದು ವೈದ್ಯರಿಗೆ ಬಹುಕಾಲದಿಂದ ಹೊಳೆದಿದ್ದ ಸಂಗತಿ. 1885ರಲ್ಲಿ ಥಿಯೋಡೋರ್ ಎಷರಿಕ್ ಎಂಬ ವೈದ್ಯ ಹಸುಗೂಸುಗಳ ಮಲವನ್ನು ಸೂಕ್ಷ್ಮದರ್ಶಕದಡಿ ನೋಡುತ್ತ ಒಂದು ಬಗೆಯ ಏಕಾಣುಜೀವಿಯನ್ನು ಗುರುತಿಸಿದ. ಇಂದು ವಿಜ್ಞಾನದ ಪ್ರತಿಯೊಬ್ಬ ವಿದ್ಯಾರ್ಥಿಗೂ ಪರಿಚಿತವಾದ ಎಷರಿಕಿಯ ಕೋಲಿ ಅದೇ. ಅದೇ ಎಷರಿಕ್ 1909ರಲ್ಲಿ ವಿಯೆನ್ನ ನಗರದಲ್ಲಿ, ತಾಯಿಹಾಲು ದೊರೆಯದ ಕೂಸುಗಳಿಗಾಗಿ ಇತರ ತಾಯಂದಿರ ಹಾಲನ್ನು ಕೂಡಿಡುವ ಕೇಂದ್ರವೊಂದನ್ನು ತೆರೆದ. ಕರುಳಿನ ಜೀವಾಣುವನ್ನು ಕಂಡವನೇ ಹಾಲಿನ ಭಂಡಾರವನ್ನೂ ತೆರೆದನೆಂಬುದು ಕೇವಲ ಕಾಕತಾಳೀಯವಲ್ಲ. ಎರಡಕ್ಕೂ ಸಂಬಂಧವುಂಟೆಂದು ಆತ ಬಲ್ಲ. 1990ರಲ್ಲಿ ಇಂಗ್ಲೆಂಡಿನ ಲೂಕಸ್ ಮತ್ತು ಕೋಲ್ ಎಂಬ ಸಂಶೋಧಕರು 926 ಅವಧಿಪೂರ್ವ ಶಿಶುಗಳ ವಿವರಗಳನ್ನು ಪ್ರಕಟಿಸಿದಾಗ ಆ ತಿಳಿವಿಗೆ ಅಂಕೆಗಳ ಆಧಾರ ದೊರೆಯಿತು: ಕೇವಲ ಪುಡಿಹಾಲು ಕುಡಿದ ಶಿಶುಗಳಲ್ಲಿ ಈ ಕರುಳಿನ ರೋಗ, ಕೇವಲ ಮಾನವ ಹಾಲು ಕುಡಿದವುಗಳಿಗಿಂತ ಆರರಿಂದ ಹತ್ತು ಪಟ್ಟು ಹೆಚ್ಚು.

ಹಾಗಾದರೆ ಆ ಹಾಲಿನಲ್ಲಿ ಇರುವುದೇನು? ಹೊಸದಾಗಿ ಕರು ಹಾಕಿದ ಹಸುವಿನ ಮೊದಲ ಹಾಲನ್ನು ಕಾಯಿಸಿ ಗಿಣ್ಣು ಮಾಡುವುದು ನಮ್ಮ ಮನೆಗಳಲ್ಲಿ ಎಲ್ಲರೂ ಕಂಡದ್ದು. ಸಾಮಾನ್ಯ ಹಾಲು ಕಾದರೆ ಉಕ್ಕುತ್ತದೆ. ಗಿಣ್ಣದ ಹಾಲಾದರೋ ಗಟ್ಟಿಯಾಗಿ ನಿಲ್ಲುತ್ತದೆ. ಮೊದಲ ದಿನಗಳ ಹಾಲಿನಲ್ಲಿ ಕರುವಿಗೆ ರಕ್ಷೆಯಾಗುವ ಪ್ರೋಟೀನುಗಳು ತುಂಬಿರುವುದೇ ಅದಕ್ಕೆ ಕಾರಣ. ಮಾನವ ತಾಯಿಯ ಮೊದಲ ಹಾಲೂ ಅಂಥದೇ. ಮೊದಲ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲುವ ರೂಢಿ ನಮ್ಮ ದೇಶದ ಹಲವೆಡೆ ಇತ್ತು. ಚೆಲ್ಲಿದ್ದು ಎಂಥ ಧನವೆಂಬುದು ರಸಾಯನಶಾಸ್ತ್ರಜ್ಞರು ಅದನ್ನು ಬಿಡಿಸಿ ನೋಡಿದ ಮೇಲೆ ತಿಳಿಯಿತು.

1939ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಿಂದ ಹೊರಬಂದ ಸೋರೆನ್ಸನ್ನರ ಬರಹವೊಂದರಲ್ಲಿ, ಹಸುವಿನ ಹಾಲಿನ ತಿಳಿಯಲ್ಲಿ ಕೆಂಪು ಬಣ್ಣದ ಪ್ರೋಟೀನೊಂದು ಇದೆಯೆಂಬ ಉಲ್ಲೇಖವಿದೆ. ಬಿಳಿಯ ಹಾಲಿನೊಳಗೆ ಕೆಂಪು ವಸ್ತು! ಇಪ್ಪತ್ತು ವರ್ಷಗಳ ತರುವಾಯ, 1960ರಲ್ಲಿ, ಬೇರೆ ಬೇರೆ ದೇಶಗಳ ಪ್ರಯೋಗಾಲಯಗಳು ಅದನ್ನು ಶುದ್ಧವಾಗಿ ಬೇರ್ಪಡಿಸಿದುವು. ಕೆಂಪಿಗೆ ಕಾರಣ ಕಬ್ಬಿಣ. ಹಾಲು ಮತ್ತು ಕಬ್ಬಿಣಗಳ ಲ್ಯಾಟಿನ್ ಹೆಸರುಗಳನ್ನು ಕೂಡಿಸಿ ಅದನ್ನು ಲ್ಯಾಕ್ಟೋಫೆರಿನ್ ಎಂದು ಕರೆದರು.

ಲ್ಯಾಕ್ಟೋಫೆರಿನ್ನಿನ ಒಂದೊಂದು ಅಣುವೂ ಕಬ್ಬಿಣದ ಎರಡು ಕಣಗಳನ್ನು ಹಿಡಿದಿಡಬಲ್ಲುದು. ಹಿಡಿತವಾದರೋ ಬಲು ಬಿಗಿ; ರಕ್ತದಲ್ಲಿ ಕಬ್ಬಿಣವನ್ನು ಹೊರುವ ಅದರ ದಾಯಾದಿ ಪ್ರೋಟೀನು ಹುಳಿಯ ಸಂಪರ್ಕವಾದೊಡನೆ ಕೈ ಸಡಿಲಿಸುತ್ತದೆ, ಲ್ಯಾಕ್ಟೋಫೆರಿನ್ ಹಾಗೆ ಸುಲಭವಾಗಿ ಸಡಿಲಿಸುವುದಿಲ್ಲ. ಇದರಿಂದ ಕೂಸಿಗೇನು ಲಾಭವೆಂದು ವಾಚಕರು ಕೇಳಬಹುದು. ಕಬ್ಬಿಣ ಬೇಕಾದದ್ದು ಮನುಷ್ಯನಿಗೆ ಮಾತ್ರವಲ್ಲ. ಸೂಕ್ಷ್ಮಜೀವಿಗಳಲ್ಲಿ ಹೆಚ್ಚಿನವಕ್ಕೆ ಕಬ್ಬಿಣವಿಲ್ಲದೆ ವಂಶ ಬೆಳೆಯದು. ಕರುಳಿನಲ್ಲಿ ಬಿಡಿಯಾಗಿರುವ ಕಬ್ಬಿಣವನ್ನೆಲ್ಲ ಹಾಲಿನ ಪ್ರೋಟೀನು ತನ್ನ ಮುಷ್ಟಿಯಲ್ಲಿ ಹಿಡಿದುಬಿಟ್ಟರೆ ಅವಕ್ಕೆ ಬರಗಾಲ ಬರುತ್ತದೆ. ಶತ್ರುವನ್ನು ಕೊಲ್ಲದೆ, ಕೋಟೆಯ ಸುತ್ತಲಿನ ದವಸವನ್ನು ಬಚ್ಚಿಟ್ಟು ಅವನನ್ನು ಸೊರಗಿಸುವ ಹಳೆಯ ಯುದ್ಧತಂತ್ರ ಇದು. 1972ರಲ್ಲಿ ಬುಲ್ಲನ್ ಮತ್ತು ಅವನ ಸಂಗಡಿಗರು ಇದನ್ನು ತೋರಿಸಿಕೊಟ್ಟರು: ಮಾನವ ಹಾಲಿನಲ್ಲಿ ಎಷರಿಕಿಯ ಕೋಲಿ ಬೆಳೆಯದೆ ಕುಂಠಿತವಾಯಿತು, ಆ ಹಾಲಿಗೆ ಬೇಕಾದಷ್ಟು ಕಬ್ಬಿಣ ಬೆರೆಸಿದೊಡನೆ ತಡೆ ಮಾಯವಾಯಿತು. 1977ರಲ್ಲಿ ಅಮೆರಿಕದ ವಿಜ್ಞಾನಿಗಳು ಇದು ಕೆಲವು ಜೀವಾಣುಗಳನ್ನು ನೇರವಾಗಿ ಕೊಲ್ಲಲೂಬಲ್ಲುದೆಂದು ಕಂಡರು. 1992ರಲ್ಲಿ ಜಪಾನಿನವರು ಇನ್ನೊಂದು ಸೋಜಿಗವನ್ನು ತಿಳಿಸಿದರು: ಜಠರದ ಪೆಪ್ಸಿನ್ ಈ ಪ್ರೋಟೀನನ್ನು ಕತ್ತರಿಸಿದಾಗ ಅದರಿಂದ ಸಿಡಿಯುವ ಸಣ್ಣ ತುಣುಕೊಂದು ಮೂಲಕ್ಕಿಂತಲೂ ತೀಕ್ಷ್ಣವಾಗಿ ಜೀವಾಣುಗಳನ್ನು ಕೊಲ್ಲುತ್ತದೆ.

ಇಷ್ಟು ತಿಳಿದ ಮೇಲೆ ಆಸೆ ಚಿಗುರದಿರುವುದುಂಟೆ? ಕಡುಸಣ್ಣ ಶಿಶು ಮೊದಲ ದಿನಗಳಲ್ಲಿ ಕುಡಿಯುವ ಹಾಲು ಕೆಲವೇ ಹನಿ. ಅದರಲ್ಲಿ ಬರುವ ಲ್ಯಾಕ್ಟೋಫೆರಿನ್ನೂ ಅಷ್ಟಕ್ಕಷ್ಟೆ. ಹಸುವಿನ ಹಾಲಿನಲ್ಲಿ ಇದು ಕಡಿಮೆಯೇ ಆದರೂ, ಕಾರ್ಖಾನೆಗಳಲ್ಲಿ ಸಾವಿರಾರು ಲೀಟರು ಹಾಲಿನಿಂದ ಅದನ್ನು ಸೆಳೆದು ಒಣಗಿಸಿ ಪುಡಿ ಮಾಡಬಹುದು. ಹಸುವಿನ ಲ್ಯಾಕ್ಟೋಫೆರಿನ್ ಮಾನವನದನ್ನು ಬಹುಮಟ್ಟಿಗೆ ಹೋಲುತ್ತದೆ. ಅಮೈನೋ ಆಮ್ಲಗಳ ಸರಣಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಸಾಮ್ಯ. ಆ ಪುಡಿಯನ್ನು ಚಿಟಿಕೆಯಷ್ಟು ಹಾಲಿಗೆ ಬೆರೆಸಿ ಕೊಟ್ಟರೆ ಹೇಗೆ? ಇಟಲಿಯ 11 ಆಸ್ಪತ್ರೆಗಳಲ್ಲಿ ಮನ್ಸೋನಿ ಮತ್ತು ಸಂಗಡಿಗರು 472 ಶಿಶುಗಳಲ್ಲಿ ಅದನ್ನು ಪರೀಕ್ಷಿಸಿ 2009ರಲ್ಲಿ ಫಲವನ್ನು ಪ್ರಕಟಿಸಿದರು. ದಿನಕ್ಕೆ 100 ಮಿಲಿಗ್ರಾಮು ಲ್ಯಾಕ್ಟೋಫೆರಿನ್ ಪಡೆದ 153 ಶಿಶುಗಳಲ್ಲಿ ನಂಜಾದದ್ದು 9ಕ್ಕೆ. ಪಡೆಯದ 168ರಲ್ಲಿ 29ಕ್ಕೆ. ಶೇಕಡಾ 17ರಿಂದ 6ಕ್ಕೆ ಇಳಿದಂತಾಯಿತು. 2014ರ ಬರಹದಲ್ಲಿ ಕರುಳಿನ ರೋಗವೂ ಕಡಿಮೆಯಾದಂತೆ ತೋರಿತು. ಬೆಲೆ ಹೆಚ್ಚಿಲ್ಲ, ಅಡ್ಡಪರಿಣಾಮ ಕಾಣಲಿಲ್ಲ, ವಸ್ತುವಾದರೋ ಹಾಲಿನದೇ. ಹರಿಯಾಣದ ರೋಹ್ಟಕ್ಕಿನಲ್ಲಿಯೂ 130 ಶಿಶುಗಳಲ್ಲಿ ಇಂಥ ಪ್ರಯೋಗ ನಡೆದು, 2015ರಲ್ಲಿ ಅನುಕೂಲವಾದ ಫಲವೇ ಪ್ರಕಟವಾಯಿತು.

ಹೀಗಿರಲು ಮರುದಿನದಿಂದಲೇ ಎಲ್ಲ ಆಸ್ಪತ್ರೆಗಳಲ್ಲಿಯೂ ಇದನ್ನು ಏಕೆ ಕೊಡಬಾರದಿತ್ತು? ಸಾಯುತ್ತಿರುವ ಕೂಸಿನ ಪಕ್ಕದಲ್ಲಿ ನಿಂತು ಇನ್ನೂ ಪ್ರಯೋಗ ಬೇಕೆನ್ನುವುದು ನಿರ್ದಯವಲ್ಲವೆ? ಈ ಪ್ರಶ್ನೆಯನ್ನು ಹಗುರಾಗಿ ತಳ್ಳುವಂತಿಲ್ಲ. ಆದರೆ ಇದಕ್ಕೆ ಉತ್ತರ ಅದೇ ಶಿಶುಗಳ ವಾರ್ಡಿನ ಚರಿತ್ರೆಯಲ್ಲಿದೆ.

1950ರ ದಶಕದಲ್ಲಿ, ಹೆರಿಗೆಗೆ ಒಂದು ದಿನಕ್ಕೂ ಹೆಚ್ಚು ಮೊದಲೇ ಗರ್ಭದ ನೀರು ಹೋಗಿದ್ದರೆ ಶಿಶುವಿಗೆ ಸೋಂಕು ತಗಲೀತೆಂಬ ಭಯದಿಂದ, ರೋಗ ಬರುವ ಮುನ್ನವೇ ಜೀವಾಣುನಾಶಕಗಳನ್ನು ಕೊಡುವ ಪದ್ಧತಿ ಅಮೆರಿಕದಲ್ಲಿ ಬಳಕೆಯಲ್ಲಿತ್ತು. ಕ್ಲೋರಾಂಫೆನಿಕಾಲ್ ಆಗಿನ ಕಾಲದ ಮೆಚ್ಚಿನ ಮದ್ದು. ಅದನ್ನು ಕೊಡುತ್ತಿದ್ದವರು ದಯಾವಂತರೇ, ವಿದ್ಯಾವಂತರೇ. ಲಾಸ್ ಏಂಜಲೀಸಿನ ವೈದ್ಯರು ಇಂಥ ಅವಧಿಪೂರ್ವ ಶಿಶುಗಳನ್ನು ನಾಲ್ಕು ಗುಂಪು ಮಾಡಿ ಹೋಲಿಸಿ ನೋಡಿದರು. ಯಾವ ಔಷಧವನ್ನೂ ಕೊಡದ ಗುಂಪಿನಲ್ಲಿ ಹತ್ತರಲ್ಲಿ ಸುಮಾರು ಎರಡು ಶಿಶುಗಳು ತೀರಿಕೊಂಡಿದ್ದುವು. ಕ್ಲೋರಾಂಫೆನಿಕಾಲ್ ಕೊಟ್ಟ ಗುಂಪುಗಳಲ್ಲಿ ಹತ್ತರಲ್ಲಿ ಆರಕ್ಕೂ ಹೆಚ್ಚು! ಎಳೆಯ ಯಕೃತ್ತಿಗೆ ಆ ಮದ್ದನ್ನು ಕರಗಿಸಿ ಹೊರಹಾಕುವ ಶಕ್ತಿ ಇನ್ನೂ ಬಂದಿರಲಿಲ್ಲ. ಅದು ಮೈಯಲ್ಲಿ ಕೂಡಿಕೊಂಡು ಮಗು ಬೂದುಬಣ್ಣಕ್ಕೆ ತಿರುಗಿ ಅಸುನೀಗುತ್ತಿತ್ತು. ಆ ವರದಿ 1959ರಲ್ಲಿ ಪ್ರಕಟವಾಯಿತು. ಹೋಲಿಸಿ ನೋಡದಿದ್ದರೆ ಆ ಸಾವುಗಳನ್ನೆಲ್ಲ ಅವಧಿಪೂರ್ವ ಜನನದ ಲೆಕ್ಕಕ್ಕೇ ಬರೆದು ಮುಂದುವರಿಯುತ್ತಿದ್ದರು. ಸದುದ್ದೇಶವೊಂದೇ ಶಿಶುವನ್ನು ಕಾಯಲಾರದೆಂಬ ಈ ಪಾಠಕ್ಕೆ ತೆತ್ತ ಬೆಲೆ ಸಣ್ಣದಲ್ಲ.

ಲ್ಯಾಕ್ಟೋಫೆರಿನ್ ವಿಷವಲ್ಲ, ಸರಿ. ಆದರೂ ಅದು ಸಹಾಯ ಮಾಡುತ್ತದೆಯೇ ಎಂಬ ಪ್ರಶ್ನೆ ಉಳಿದೇ ಇತ್ತು. ನಾಣ್ಯವನ್ನು ಹತ್ತು ಸಲ ಚಿಮ್ಮಿದಾಗ ಏಳು ಸಲ ಒಂದೇ ಮುಖ ಬಿದ್ದರೆ ಯಾರೂ ಬೆರಗಾಗುವುದಿಲ್ಲ. ಸಾವಿರ ಸಲದಲ್ಲಿ ಏಳುನೂರು ಸಲ ಬಿದ್ದರೆ ನಾಣ್ಯವನ್ನೇ ಪರೀಕ್ಷಿಸುತ್ತೇವೆ. ನೂರಿನ್ನೂರು ಶಿಶುಗಳ ಪ್ರಯೋಗದಲ್ಲಿ ಹತ್ತು ಮಕ್ಕಳ ಭಾಗ್ಯ ಆಚೀಚೆಯಾದರೂ ಲೆಕ್ಕದ ಸ್ವರೂಪವೇ ಬದಲಾಗುತ್ತದೆ. ಜೊತೆಗೆ ಅನುಕೂಲದ ಫಲ ಬೇಗ ಅಚ್ಚಾಗುತ್ತದೆ, ಪ್ರತಿಕೂಲದ್ದು ಮೇಜಿನ ಖಾನೆಯಲ್ಲಿ ಉಳಿಯುತ್ತದೆ; ಇದು ಮನುಷ್ಯಸ್ವಭಾವ. ಆದಕಾರಣ ದೊಡ್ಡ ತಕ್ಕಡಿಯೇ ಬೇಕಾಯಿತು.

ಅಂಥ ತಕ್ಕಡಿಯನ್ನು ಹೂಡಿದವರು ಬ್ರಿಟನ್ನಿನವರು. 2014ರಿಂದ 2017ರ ವರೆಗೆ 37 ಆಸ್ಪತ್ರೆಗಳಲ್ಲಿ, 32 ವಾರ ತುಂಬದೆ ಹುಟ್ಟಿದ 2,203 ಶಿಶುಗಳನ್ನು ತಂದೆತಾಯಿಗಳ ಒಪ್ಪಿಗೆಯಿಂದ ಸೇರಿಸಿಕೊಂಡರು. ಈ ಪ್ರಯೋಗಕ್ಕೆ ಎಲ್ಫಿನ್ ಎಂದು ಹೆಸರು. ಯಾವ ಮಗುವಿಗೆ ಯಾವುದು ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ, ಚೀಟಿ ಎತ್ತಿದಂತೆ ಆಕಸ್ಮಿಕಕ್ಕೆ ಬಿಟ್ಟರು. ಅರ್ಧ ಮಕ್ಕಳಿಗೆ ದಿನವೂ ಮೈತೂಕದ ಕಿಲೋಗ್ರಾಮಿಗೆ 150 ಮಿಲಿಗ್ರಾಮಿನಂತೆ ಹಸುವಿನ ಲ್ಯಾಕ್ಟೋಫೆರಿನ್. ಉಳಿದರ್ಧಕ್ಕೆ ಸಕ್ಕರೆಯ ಪುಡಿ. ಎರಡೂ ಹಾಲಿನಲ್ಲಿ ಬೆರೆತು ಹೋಗುತ್ತಿದ್ದುವು. ಯಾವ ಮಗುವಿಗೆ ಯಾವುದೆಂಬುದು ತಾಯಿಗೂ ತಿಳಿಯದು, ಆರೈಕೆ ಮಾಡುವವರಿಗೂ ತಿಳಿಯದು. ಆಸೆಯ ಕಣ್ಣಿಗೆ ಬೇಕಾದುದೇ ಕಾಣುತ್ತದಾದ್ದರಿಂದ ಆ ಕಣ್ಣಿಗೆ ಬಟ್ಟೆ ಕಟ್ಟಿದ್ದು.

2019ರಲ್ಲಿ ಫಲ ಪ್ರಕಟವಾಯಿತು. ಲ್ಯಾಕ್ಟೋಫೆರಿನ್ ಪಡೆದ 1,093 ಶಿಶುಗಳಲ್ಲಿ ಸೋಂಕು ತಗಲಿದ್ದು 316ಕ್ಕೆ; ಸಕ್ಕರೆ ಪಡೆದ 1,089ರಲ್ಲಿ 334ಕ್ಕೆ. ಶೇಕಡಾ 29 ಒಂದು ಕಡೆ, 31 ಇನ್ನೊಂದು ಕಡೆ. ಆಕಸ್ಮಿಕದಿಂದಲೇ ಆಗಬಹುದಾದ ಅಂತರ. ಕರುಳಿನ ರೋಗದಲ್ಲಿಯೂ, ಸಾವಿನಲ್ಲಿಯೂ ಗಣನೀಯವಾದ ಭೇದ ಕಾಣಲಿಲ್ಲ. ಮರುವರ್ಷ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ 1,542 ಶಿಶುಗಳ ಪ್ರಯೋಗವೂ, ಇದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು ನೋಡಿಯೂ, ಸಾವನ್ನಾಗಲಿ ದೊಡ್ಡ ತೊಡಕುಗಳನ್ನಾಗಲಿ ತಗ್ಗಿಸಲಾಗಲಿಲ್ಲವೆಂದು ತಿಳಿಸಿತು. ಅದೇ 2020ರಲ್ಲಿ ಕೊಕ್ರೇನ್ ಸಂಸ್ಥೆಯವರು 12 ಪ್ರಯೋಗಗಳ 5,425 ಶಿಶುಗಳ ಲೆಕ್ಕವನ್ನು ಒಟ್ಟುಗೂಡಿಸಿದರು. ಎಲ್ಲವನ್ನೂ ಕೂಡಿದಾಗ ನಂಜು ಸ್ವಲ್ಪ ಕಡಿಮೆಯಾದಂತೆ ಕಂಡರೂ ಆ ಸಾಕ್ಷ್ಯದಲ್ಲಿ ಭರವಸೆ ಕಡಿಮೆಯೆಂದೂ, ಕರುಳಿನ ರೋಗ ತಗ್ಗಿದಂತೆ ಕಾಣದೆಂದೂ ಅವರು ಹೇಳಿದರು. ಸಣ್ಣ ಪ್ರಯೋಗಗಳು ತೋರಿಸಿದ ಬೆಳಕು ದೊಡ್ಡ ಪ್ರಯೋಗಗಳಲ್ಲಿ ಮಂಕಾಯಿತು.

ಹೀಗೇಕಾಯಿತೆಂಬುದಕ್ಕೆ ಊಹೆಗಳುಂಟು. ಕಾರ್ಖಾನೆಯ ಸಂಸ್ಕಾರದಲ್ಲಿ ಪ್ರೋಟೀನಿನ ಸತ್ತ್ವ ಕುಂದಿರಬಹುದು. ಹಸುವಿನದು ಕರುವಿಗೆ ಒದಗುವಂತೆ ಮಾನವ ಕೂಸಿಗೆ ಒದಗದಿರಬಹುದು. ಮೊದಲ ಪ್ರಯೋಗಗಳು ನಡೆದ ವಾರ್ಡುಗಳಿಗೂ ಅನಂತರದವಕ್ಕೂ ಆರೈಕೆಯ ರೀತಿಯಲ್ಲಿ ಅಂತರವಿದ್ದಿರಬಹುದು. ಆದರೆ ಇವೆಲ್ಲಕ್ಕಿಂತ ಆಳವಾದ ಮಾತೊಂದುಂಟೆಂದು ನನಗೆ ತೋರುತ್ತದೆ. ತಾಯಿಯ ಹಾಲು ಲ್ಯಾಕ್ಟೋಫೆರಿನ್ನಿನ ದ್ರಾವಣವಲ್ಲ. ಅದರಲ್ಲಿ ರೋಗನಿರೋಧಕ ಪ್ರೋಟೀನುಗಳಿವೆ, ಜೀವಕೋಶಗಳಿವೆ, ಕಿಣ್ವಗಳಿವೆ, ಮಗುವಿಗೆ ಜೀರ್ಣವಾಗದೆ ಕರುಳಿನ ಹಿತಜೀವಾಣುಗಳಿಗೆ ಮಾತ್ರ ಆಹಾರವಾಗುವ ಸಕ್ಕರೆಗಳಿವೆ. ಒಂದರ ಕೆಲಸಕ್ಕೆ ಇನ್ನೊಂದರ ನೆರವು. ಮೇಳದಿಂದ ಮೃದಂಗವೊಂದನ್ನೇ ತಂದು ಕೂರಿಸಿ ಕಚೇರಿ ನಡೆಯಲೆಂದರೆ ನಡೆದೀತೆ? ಮೃದಂಗದ್ದೇನೂ ತಪ್ಪಿಲ್ಲ. ಬಿಡಿಸಿ ನೋಡುವುದರಿಂದ ಹಾಲನ್ನು ಅರಿತೆವು. ಬಿಡಿಯಾದೊಂದು ಭಾಗ ಇಡಿಯ ಕೆಲಸ ಮಾಡೀತೆಂದು ನಿರೀಕ್ಷಿಸಿದ್ದು ನಮ್ಮ ಅವಸರ.

ಹಾಗೆಂದು ಕೈಕಟ್ಟಿ ಕೂಡಬೇಕಿಲ್ಲ. ತಾಯಿಯ ಸ್ವಂತ ಹಾಲನ್ನು, ಅದರಲ್ಲೂ ಮೊದಲ ದಿನಗಳದನ್ನು, ಹನಿ ಹನಿಯಾಗಿ ಹಿಂಡಿ ಕೊಳವೆಯಲ್ಲಾದರೂ ಸರಿ ಕೂಸಿಗೆ ಮುಟ್ಟಿಸುವುದು ಎಲ್ಲಕ್ಕಿಂತ ಮೇಲು. ಅದು ಸಾಲದಾದಾಗ ಹಾಲಿನ ಭಂಡಾರಗಳಿವೆ. ಏಷ್ಯದ ಮೊದಲ ಭಂಡಾರ 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾಕ್ಟರ್ ಆರ್ಮಿಡ ಫರ್ನಾಂಡಿಸ್ ಅವರ ಪ್ರಯತ್ನದಿಂದ ಪ್ರಾರಂಭವಾಯಿತು. ಭಂಡಾರದ ಹಾಲನ್ನು ರೋಗಭಯ ನಿವಾರಣೆಗಾಗಿ 62.5 ಡಿಗ್ರಿಯ ಶಾಖದಲ್ಲಿ ಅರ್ಧ ಗಂಟೆ ಕಾಯಿಸುತ್ತಾರೆ. ಆಗ ಲ್ಯಾಕ್ಟೋಫೆರಿನ್ನಿನ ಬಹುಪಾಲು ನಷ್ಟವಾಗುತ್ತದೆ. ಆದರೂ ಪುಡಿಹಾಲಿಗೆ ಹೋಲಿಸಿದರೆ ಕರುಳಿನ ರೋಗ ಆ ಹಾಲು ಕುಡಿದವರಲ್ಲಿ ಕಡಿಮೆ. ಈ ಪ್ರೋಟೀನು ಬಹುಮಟ್ಟಿಗೆ ಇಲ್ಲವಾದ ಮೇಲೂ ಹಾಲು ಕಾಯುತ್ತದೆಯೆಂದರೆ ಕಾವಲುಗಾರ ಒಬ್ಬನೇ ಅಲ್ಲವೆಂದಾಯಿತು.

ಇನ್ನೊಂದು ಉಪಾಯಕ್ಕೆ ಬೆಲೆಯೇ ಇಲ್ಲ. 1978ರಲ್ಲಿ ಕೊಲಂಬಿಯದ ಬೊಗೊಟ ನಗರದಲ್ಲಿ, ಶಿಶುಗಳಿಗೆ ಸಾಕಷ್ಟು ಬೆಚ್ಚನೆಯ ಪೆಟ್ಟಿಗೆಗಳಿಲ್ಲದಿದ್ದಾಗ, ಡಾಕ್ಟರ್ ಎಡ್ಗರ್ ರೇ ತಾಯಂದಿರ ಎದೆಗೇ ಕೂಸುಗಳನ್ನು ಬರಿಮೈಯಲ್ಲಿ ಕಟ್ಟಿಸಿದರು. ಕಾಂಗರೂ ಆರೈಕೆಯೆಂದು ಅದಕ್ಕೆ ಹೆಸರಾಯಿತು. ಹುಟ್ಟಿದೊಡನೆಯೇ ಇದನ್ನು ಆರಂಭಿಸಿದರೆ ಹೇಗೆಂದು ಭಾರತವೂ ಸೇರಿ ಐದು ದೇಶಗಳಲ್ಲಿ 3,211 ಶಿಶುಗಳಲ್ಲಿ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು; ನಮ್ಮಲ್ಲಿ ಅದು ನಡೆದದ್ದು ದಿಲ್ಲಿಯ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ. ರೂಢಿಯ ಆರೈಕೆಯಲ್ಲಿ ಮೊದಲ 28 ದಿನಗಳೊಳಗೆ ನೂರಕ್ಕೆ ಸುಮಾರು 16 ಶಿಶುಗಳು ತೀರಿಕೊಂಡರೆ, ಮೊದಲಿನಿಂದಲೂ ತಾಯಿಯ ಎದೆಯ ಮೇಲಿದ್ದವುಗಳಲ್ಲಿ 12. ನಂಜಿನ ಶಂಕೆಯೂ ಅವುಗಳಲ್ಲಿ ಕಡಿಮೆ. ಇದೂ ಅದೇ ಬಗೆಯ ತಕ್ಕಡಿಯಲ್ಲಿ ತೂಗಿ ದೊರೆತ ಸತ್ಯವೆಂಬುದನ್ನು ಮರೆಯಬಾರದು. ಹಾಲಿನ ಪುಡಿಗೆ ಇಲ್ಲವೆಂದ ತಕ್ಕಡಿಯೇ ತಾಯಿಯ ಎದೆಗೆ ಹೌದೆಂದಿತು.

ವಿಜ್ಞಾನದ ಚರಿತ್ರೆಯನ್ನು ಬರೆಯುವಾಗ ಗೆದ್ದ ಮದ್ದುಗಳ ಹೆಸರು ದೊಡ್ಡ ಅಕ್ಷರದಲ್ಲಿ ಬರುತ್ತದೆ. ಇಲ್ಲವೆಂಬ ಉತ್ತರಕ್ಕಾಗಿ ದುಡಿದವರನ್ನು ಯಾರೂ ನೆನೆಯುವುದಿಲ್ಲ. ಎಲ್ಫಿನ್ ಪ್ರಯೋಗಕ್ಕೆ ಸೇರಿದ ಎರಡು ಸಾವಿರಕ್ಕೂ ಮಿಕ್ಕ ಶಿಶುಗಳ ತಂದೆತಾಯಿಗಳು, ತಮ್ಮ ಬದುಕಿನ ಅತ್ಯಂತ ಭಯದ ದಿನಗಳಲ್ಲಿ, ತಮ್ಮ ಮಗುವಿಗೆ ಸಿಗುವುದು ಮದ್ದೋ ಸಕ್ಕರೆಯೋ ತಿಳಿಯದೆಯೇ ಒಪ್ಪಿಗೆಯ ಕಾಗದಕ್ಕೆ ರುಜು ಹಾಕಿದರು. ತಮ್ಮ ಮಗುವಿಗೆ ಅದರಿಂದ ಒಳಿತಾಗುವುದೆಂಬ ಭರವಸೆಯನ್ನು ಯಾರೂ ಅವರಿಗೆ ಕೊಟ್ಟಿರಲಿಲ್ಲ. ಮುಂದೆ ಎಂದೋ, ಎಲ್ಲಿಯೋ ಅವಸರದಿಂದ ಹುಟ್ಟಲಿರುವ ಪರರ ಮಗುವಿಗೆ ಹುಸಿ ಆಸೆಯ ಬದಲು ನಿಜವಾದ ಉತ್ತರ ದೊರೆಯಲೆಂದು ಅವರು ಕೊಟ್ಟ ದಾನ ಅದು. ಆ ಉತ್ತರ ದೊರೆತಿದೆ. ಬೇಡವಾಗಿದ್ದ ಉತ್ತರವೇ ಆದರೂ, ಮುಂದಿನವರು ಹುಡುಕಬೇಕಾದ ದಾರಿಗಳಲ್ಲಿ ಒಂದು ಕಡಿಮೆಯಾಯಿತು.